ನಾಯ್ಕರಿಗೆ ನಾನು ಸೋತುಕೊಟ್ಟ ಮಳೆಗಾಲ

ಕಳೆದ ತಿಂಗಳು ಅಣ್ಣನ ಜಾಗದ ನೋಂದಣಿಗೆ ಸಾಕ್ಷಿ ಹಾಕಲು ಕುಮಟೆಗೆ ಹೋಗಿದ್ದೆ. ಈಗ ಬೆರಳಚ್ಚನ್ನೆಲ್ಲ ಯಂತ್ರವೇ ತೆಗೆದುಕೊಳ್ಳುತ್ತದೆ. ಆದರೂ ಕಚೇರಿಯ ಹೊರಗೆ ಕೂತು ಪತ್ರ ಬರೆಯುವವರ ಮೇಜಿನ ಮೇಲೆ ನೇರಳೆ ಶಾಯಿಯ ತಗಡಿನ ಪ್ಯಾಡ್ ಇನ್ನೂ ಇದೆ. ಯಾರೋ ಅಜ್ಜಿ ಹೆಬ್ಬೆಟ್ಟು ಒತ್ತಿ ಹೋಗಿದ್ದರು, ಮುಚ್ಚಳ ತೆರೆದೇ ಇತ್ತು. ಒದ್ದೆ ಕೊಡೆಗಳ ನಡುವೆ ಆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಒಂದು ಕುದುರೆ ನೆನಪಾಯಿತು. "ಎಂತ ಆತೇ, ಮುಖ ಹಾಂಗೆ ಮಾಡ್ಕಂಡೆ?" ಎಂದು ಅಣ್ಣ ಕೇಳಿದ. ಶಾಯಿ ಮೂಸಿ ಕುದುರೆ ನೆನಪಾಯಿತು ಎಂದರೆ ಅವನು ನನ್ನನ್ನು ಸಾಕ್ಷಿ ಹಾಕಲೂ ಬಿಡುತ್ತಿರಲಿಲ್ಲ. ಏನಿಲ್ಲ ಅಂದೆ.

ಅದು ಚದುರಂಗದ ಕುದುರೆ. ಶಾಯಿ ಮಂಜುನಾಥ ನಾಯ್ಕರದು. ಭಟ್ಕಳದ ನೋಂದಣಿ ಕಚೇರಿಯ ಎದುರಿನ ಒಂದು ಜಗಲಿಯಲ್ಲಿ ಮೂವತ್ತು ವರ್ಷದಿಂದ ಕೂತು ಅವರು ಕ್ರಯಪತ್ರ, ಪಾಲುಪತ್ರ, ಹಕ್ಕು ಬಿಡುಗಡೆ ಪತ್ರ ಬರೆಯುತ್ತಿದ್ದರು. ಎಲ್ಲರೂ ಕಂಪ್ಯೂಟರಿಗೆ ಹೋದ ಮೇಲೂ ಅವರ ಕೈಬರಹ ನೋಡಿಯೇ ಹುಡುಕಿಕೊಂಡು ಬರುವವರು ಇದ್ದರು. ಮನೆ ಹೊನ್ನಾವರ. ನಾನು ಕುಮಟೆಯವಳು. ಆಗ ಭಟ್ಕಳದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದೆ. ಇಬ್ಬರೂ ಬೆಳಗಿನ ಪ್ಯಾಸೆಂಜರಿನಲ್ಲಿ ಹೋಗಿ ಸಂಜೆಯ ಪ್ಯಾಸೆಂಜರಿನಲ್ಲಿ ಬರುವವರು. ನನಗೆ ಇಪ್ಪತ್ತಾರು, ಅವರಿಗೆ ಅರವತ್ತರ ಹತ್ತಿರ.

ಪರಿಚಯವಾದದ್ದು ಮೇ ತಿಂಗಳ ಸೆಕೆಯಲ್ಲಿ. ನಾನು ಮೊಬೈಲಿನಲ್ಲಿ ಚೆಸ್ ಆಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಒಬ್ಬರು ಬಗ್ಗಿ ನೋಡಿ, "ಆ ಒಂಟೆ ಹಿಂದೆ ತಗಿ ತಂಗಿ, ಸಿಕ್ಕಿಬೀಳ್ತದೆ" ಅಂದರು. ನನಗೆ ಕೋಪ ಬಂತು. ಕಾಲೇಜಿನಲ್ಲಿ ಎರಡನೇ ಬಹುಮಾನ ತೆಗೆದವಳು ನಾನು, ಇವರು ಯಾರು ಹೇಳಲಿಕ್ಕೆ? ಬೇಕೆಂದೇ ಬೇರೆ ನಡೆ ಇಟ್ಟೆ. ಮುರ್ಡೇಶ್ವರ ಬರುವಷ್ಟರಲ್ಲಿ ಒಂಟೆ ಸಿಕ್ಕಿಬಿತ್ತು. ಅವರು ಏನೂ ಅನ್ನಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕರು, ಅಷ್ಟೇ. ಮಾರನೇ ದಿನ ಹೊನ್ನಾವರದಲ್ಲಿ ಹತ್ತುವಾಗ ಅವರ ಚೀಲದಲ್ಲಿ ಒಂದು ಮಡಚುವ ಅಯಸ್ಕಾಂತದ ಬೋರ್ಡ್ ಇತ್ತು. ಅದರಲ್ಲಿ ಕಪ್ಪು ಕಾಲಾಳು ಒಂದು ಕಡಿಮೆ. ಅದರ ಬದಲಿಗೆ ಕೈಗಡಿಯಾರದ ಹಳೇ ಸೆಲ್ಲು ಅಂಟಿಸಿದ್ದರು.

ಮಳೆ ಹಿಡಿಯಿತೆಂದರೆ ನಮ್ಮ ಕರಾವಳಿಯ ಹಳಿಯ ಮೇಲೆ ರೈಲುಗಳು ವೇಗ ಇಳಿಸುತ್ತವೆ. ಗುಡ್ಡ ಜರಿಯುವ ಹೆದರಿಕೆಗೆ ಮಳೆಗಾಲಕ್ಕೇ ಬೇರೆ ವೇಳಾಪಟ್ಟಿ. ರೇನ್‌ಕೋಟು ಹಾಕಿದ ಗ್ಯಾಂಗ್‌ಮನ್‌ಗಳು ಹಳಿಯ ಪಕ್ಕ ನಡೆಯುತ್ತ ಮಣ್ಣು ನೋಡುತ್ತಾರೆ, ರೈಲು ಅವರ ಮರ್ಜಿ ಕಾದು ನಿಂತು ನಿಂತು ಹೋಗುತ್ತದೆ. ಬೋಗಿಯಲ್ಲಿ ಕೂತವರೆಲ್ಲ ಶಾಪ ಹಾಕುತ್ತಿದ್ದರು. ನಮಗಿಬ್ಬರಿಗೆ ಮಾತ್ರ ಹಬ್ಬ. ಮೇ ತಿಂಗಳಲ್ಲಿ ಅರ್ಧಕ್ಕೇ ನಿಲ್ಲುತ್ತಿದ್ದ ಆಟ ಜೂನಿನಿಂದ ಭಟ್ಕಳ ಬರುವಷ್ಟರಲ್ಲಿ ಪೂರ್ತಿ ಮುಗಿಯತೊಡಗಿತು. ಬೆಳಿಗ್ಗೆ ಹೋಗುವಾಗ ಆಟ. ಸಂಜೆ ಬರುವಾಗ ಅದೇ ಆಟವನ್ನು ಮೊದಲಿನಿಂದ ಮತ್ತೆ ಜೋಡಿಸಿ, ಯಾರು ಎಲ್ಲಿ ತಪ್ಪಿದರು ಎಂದು ನೋಡುವುದು.

ಈ ಸಂಜೆಯ ಕೆಲಸಕ್ಕೆ ನಾಯ್ಕರು 'ಷರಾ ಬರೆಯುವುದು' ಅನ್ನುತ್ತಿದ್ದರು. ಅದಕ್ಕೆಂದೇ ಒಂದು ಉದ್ದ ಪುಸ್ತಕ. ಪ್ರತಿ ಆಟವೂ ಅದರಲ್ಲಿ ಪತ್ರದ ಭಾಷೆಯಲ್ಲೇ ದಾಖಲಾಗಬೇಕು. ಸೋತವರು ಬರೆದುಕೊಟ್ಟವರು, ಗೆದ್ದವರು ಬರೆಸಿಕೊಂಡವರು. ಅವರು ಸೋತ ಒಂದು ದಿನ ಬರೆದದ್ದು ನನಗೆ ಈಗಲೂ ಬಾಯಿಪಾಠ: "ಸದರಿ ಆಟದ ಹದಿನಾಲ್ಕನೇ ನಡೆಯಲ್ಲಿ ನಾನು ನನ್ನ ಮಂತ್ರಿಯನ್ನು ಸ್ವಂತ ದಡ್ಡತನದಿಂದ ಕಳೆದುಕೊಂಡಿರುತ್ತೇನೆ. ಇದರಲ್ಲಿ ಯಾರ ಒತ್ತಾಯವೂ ಇರುವುದಿಲ್ಲ." ಕೆಳಗೆ ಇಬ್ಬರ ಸಹಿ. ಬರೆದದ್ದನ್ನು ಹೊಡೆದುಹಾಕುವಂತಿಲ್ಲ. "ಪತ್ರದಲ್ಲಿ ತಪ್ಪಾದ್ರೆ ಹರಿದು ಬಿಸಾಡೂದಲ್ಲ ತಂಗಿ. ತಿದ್ದುಪಡಿ ಪತ್ರ ಅಂತ ಬೇರೇನೇ ಬರೀಬೇಕು. ಹಳೇದೂ ಇರ್ತದೆ, ಹೊಸದೂ ಇರ್ತದೆ" ಎಂದು ನನಗೆ ಕಲಿಸಿದ್ದರು.

ಷರಾದ ಮುಖ್ಯ ಕಾನೂನು ಬೇರೆಯೇ ಇತ್ತು. ಗೆದ್ದವರು ಸೋತವರ ಪರ ವಕಾಲತ್ತು ಮಾಡಬೇಕು. ಅಂದರೆ, ಸೋತವರಿಗೆ ಉಳಿದುಕೊಳ್ಳಲು ಎಲ್ಲಿ ದಾರಿ ಇತ್ತು ಎಂಬುದನ್ನು ಗೆದ್ದವರೇ ಹುಡುಕಿ ತೋರಿಸಬೇಕು. ಅದು ಸಿಗುವವರೆಗೆ ಗೆಲುವು ಲೆಕ್ಕಕ್ಕಿಲ್ಲ. ಗೆದ್ದ ದಿನವೇ ಹೆಚ್ಚು ಕೆಲಸ. ಭಟ್ಕಳದಿಂದ ಹೊರಟ ರೈಲು ಶರಾವತಿ ಸೇತುವೆ ಹತ್ತುವ ಮುಂಚೆ ಎಲ್ಲ ಮುಗಿದು ಸಹಿ ಬೀಳಬೇಕು. ಸೇತುವೆಯ ಮೇಲೆ ಅವರು ಹೊಳೆ ನೋಡಿ ಕೈ ಮುಗಿಯುವವರು, ಆಮೇಲೆ ಇಳಿಯುವ ಗಡಿಬಿಡಿ. ಬೆಳಿಗ್ಗೆಯೂ ಅಷ್ಟೇ, ಸೇತುವೆ ದಾಟುವವರೆಗೆ ಬೋರ್ಡ್ ತೆರೆಯುವಂತಿಲ್ಲ.

ನಮ್ಮ ಎದುರಿನ ಸೀಟಿನಲ್ಲಿ ದಿನವೂ ಸವಿತಾ ಟೀಚರು. ಕಾಯ್ಕಿಣಿಯ ಶಾಲೆಗೆ ಹೋಗುವವರು, ಹೊನ್ನಾವರದಲ್ಲಿ ಹತ್ತಿ ಮುರ್ಡೇಶ್ವರದಲ್ಲಿ ಇಳಿಯುತ್ತಿದ್ದರು. ನಮ್ಮನ್ನು ಕಂಡರೆ ಅವರಿಗೆ ಸೋಜಿಗ. "ಬೆಳಿಗ್ಗೆ ಆಡಿ ಮುಗ್ಸಿದ್ದನ್ನೇ ಸಂಜೆ ಮತ್ತೆ ಆಡ್ತ್ರಲ್ಲ, ಎಂತ ಸುಖ ನಿಮಗೆ?"

"ಬೆಳಿಗ್ಗೆ ಆಡೂದು ಜಗಳ, ಟೀಚರೇ. ಸಂಜೆ ಆಡೂದು ರಾಜಿ" ಅಂದರು ನಾಯ್ಕರು.

ನನಗೆ ಎಂತ ಸುಖ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಈಗ ಹೇಳಬಲ್ಲೆ. ಲ್ಯಾಬಿನಲ್ಲಿ ಮಳೆಗಾಲವೆಂದರೆ ಜ್ವರದವರ ಸಾಲು. ದಿನವಿಡೀ ಹೆಸರು ಬರೆ, ತೋಳು ಕಟ್ಟು, ಚುಚ್ಚು. ಮನೆಗೆ ಬಂದರೆ ಊಟ ಆಯ್ತಾ, ಆ ಹುಡುಗನ ಕಡೆಯವರು ಫೋನ್ ಮಾಡಿದ್ರು, ಎಂತ ಹೇಳಲಿ. ಎಲ್ಲರೂ ನಾನು ಏನು ಮಾಡಿದೆ, ಏನು ಮಾಡುತ್ತೇನೆ ಎಂದೇ ಕೇಳುವವರು. ನಾಯ್ಕರೊಬ್ಬರೇ ಬೋರ್ಡಿನ ಮೇಲೆ ಬೆರಳಿಟ್ಟು, "ಇಲ್ಲಿ ನೀ ಎಂತ ಯೋಚ್ನೆ ಮಾಡ್ದೆ?" ಎಂದು ಕೇಳುತ್ತಿದ್ದರು. ಕೇಳಿ ಸುಮ್ಮನೆ ಕಾಯುತ್ತಿದ್ದರು. ನಾನು ತಡವರಿಸಿ, ಹೆದರಿದೆ ನಾಯ್ಕರೇ, ಅದಕ್ಕೇ ಹಿಂದೆ ತೆಗೆದೆ ಅಂದರೆ, "ಹೆದ್ರಿದ್ದು ತಪ್ಪಲ್ಲ. ಯಾವುದಕ್ಕೆ ಹೆದ್ರಿದೆ ಅಂತ ನೋಡುವ" ಅನ್ನುತ್ತಿದ್ದರು. ಮಳೆಗಾಲಕ್ಕೆ ಬೋಟುಗಳು ನಿಂತು ಒಣಮೀನಿನ ಬುಟ್ಟಿಗಳೇ ತುಂಬಿದ ಆ ಬೋಗಿಯಲ್ಲಿ, ಸೋರುವ ಕಿಟಕಿಯ ಪಕ್ಕ, ನನ್ನ ತಲೆಯೊಳಗೆ ಏನು ನಡೆಯುತ್ತದೆ ಎಂದು ಒಬ್ಬರು ಇಷ್ಟು ತಾಳ್ಮೆಯಿಂದ ಕೇಳುವುದೇ ನನಗೆ ದೊಡ್ಡದಾಗಿತ್ತು. ಅಪ್ಪ ಇದ್ದಿದ್ದರೆ ಕೇಳುತ್ತಿದ್ದನೋ ಏನೋ. ಅಪ್ಪ ಹೋದಾಗ ನಾನು ಆರನೇ ಕ್ಲಾಸು.

ಆಷಾಢ ಮುಗಿಯುತ್ತ ಬಂದಾಗ ನಾನೊಂದು ಗಮನಿಸಿದೆ. ಭಟ್ಕಳ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನಾಯ್ಕರು ನಡುವೆ ಎರಡು ಸಲ ನಿಲ್ಲುತ್ತಿದ್ದರು. "ಎಂತ ಆತು?" ಎಂದರೆ, "ಕೊಡೆ ಕಡ್ಡಿ ಸರಿ ಇಲ್ಲ, ನೋಡ್ತೆ" ಅನ್ನುವವರು. ಆ ಕೊಡೆಯನ್ನು ಅವರು ಅಷ್ಟು ಸಲ ನೋಡಿದ್ದಾರೆ, ಅದರ ಕಡ್ಡಿ ಯಾವತ್ತೋ ಸರಿಯಾಗಬೇಕಿತ್ತು. ಒಂದು ಬುಧವಾರ ಮಧ್ಯಾಹ್ನ ನಾನು ಲ್ಯಾಬಿನಲ್ಲಿ ತಲೆ ಎತ್ತಿದರೆ ಎದುರಿಗೆ ನಾಯ್ಕರು, ಕೈಯಲ್ಲಿ ಡಾಕ್ಟರ ಚೀಟಿ. ಚೀಟಿಯಲ್ಲಿ ಬರೆದ ಪರೀಕ್ಷೆಗಳನ್ನು ಓದಿದ ಕೂಡಲೇ ನನಗೆ ಗೊತ್ತಾಯಿತು. ಇಷ್ಟೆಲ್ಲ ಪರೀಕ್ಷೆ ಸುಮ್ಮನೆ ಬರೆಯುವುದಿಲ್ಲ.

"ಹಾರ್ಟಿಂದು. ಮೂರು ಕಡೆ ಬ್ಲಾಕ್ ಅಂತೆ. ಮಂಗ್ಳೂರಲ್ಲಿ ಆಪ್ರೇಷನ್ ಮಾಡ್ತ್ರಂತೆ" ಅಂದರು, ಬೇರೆ ಯಾರದೋ ಪತ್ರ ಓದುವ ದನಿಯಲ್ಲಿ. ಸೂಜಿ ತೆಗೆದೆ. ಅಷ್ಟು ಗಟ್ಟಿ ಮನುಷ್ಯ ಮುಖ ಆಚೆ ತಿರುಗಿಸಿಬಿಟ್ಟರು. "ಹೇಳಿ ಚುಚ್ಚು, ಹಾಂ?" ಅಂದರು. ಅವರ ಕೈ ತಣ್ಣಗಿತ್ತು. ನಾನು ಸಾವಿರ ಕೈ ಹಿಡಿದವಳು, ಆ ಕೈಯಲ್ಲಿ ನರ ಎರಡು ಸಲ ತಡಕಿ, ಹೇಳಿಯೇ ಚುಚ್ಚಿದೆ.

ಹತ್ತಿ ಒತ್ತಿ ಹಿಡಿದುಕೊಂಡು ಅವರು ಹೇಳಿದ ಮಾತು ಇದು: "ಮನೇಲಿ ಎಲ್ರೂ ನನ್ನ ಗಾಜಿನ ಲೋಟ ಹಿಡ್ದ ಹಾಂಗೆ ಹಿಡೀತ್ರು ಈಗ. ನನ್ನ ಹೆಂಡ್ತಿ ಪಾರ್ವತಿ ಅಂತೂ ಚಪ್ಲಿ ಕೂಡ ತಾನೇ ತಂದಿಡ್ತದೆ. ತಂಗಿ, ನೀ ಒಬ್ಳಾದ್ರೂ ಮೊದ್ಲಿನ ಹಾಂಗೇ ಹೊಡಿ. ಬಿಟ್ಟು ಆಡ್ಬೇಡ. ಆತಾ?"

"ಆತು" ಅಂದೆ.

ಮಾತು ಕೊಟ್ಟು ಒಂಬತ್ತು ದಿನ ನಡೆಸಿಕೊಂಡೆ. ಮಳೆಗಾಲದ ಒಟ್ಟು ಆಟದಲ್ಲಿ ನಾವಿಬ್ಬರೂ ಹದಿನೆಂಟು, ಹದಿನೆಂಟು ಗೆದ್ದು ಸಮಸಮ ನಿಂತೆವು. ಅವರು ಮಂಗಳೂರಿಗೆ ಹೊರಡುವ ಹಿಂದಿನ ದಿನ ಶುಕ್ರವಾರ. ಆ ದಿನವೂ ಕೆಲಸಕ್ಕೆ ಹೊರಟಿದ್ದರು. ಅರ್ಧ ಬರೆದ ಪಾಲುಪತ್ರ ಒಂದಿದೆ, ಅಣ್ಣತಮ್ಮಂದಿರು ಕಾಯುತ್ತಿದ್ದಾರೆ ಎಂದು ಹೆಂಡತಿಯ ಹತ್ತಿರ ಜಗಳವಾಡಿ ಬಂದಿದ್ದರಂತೆ. "ಇವತ್ತು ತೀರ್ಮಾನ" ಎಂದು ಬೋರ್ಡ್ ಬಿಚ್ಚಿದರು. ನನ್ನದು ಬಿಳಿ.

ಆ ದಿನ ಅವರ ಕೈ ಸರಿಯಿರಲಿಲ್ಲ. ಕಾಯಿ ಇಡುವಾಗ ಪಕ್ಕದ್ದು ತಾಗಿ ಬೀಳುತ್ತಿತ್ತು. ರಾಜನನ್ನು ಮೂಲೆಗೆ ಸೇರಿಸಿ ಭದ್ರ ಮಾಡಿಕೊಳ್ಳುವುದನ್ನೂ ಮರೆತಿದ್ದರು. ಮಂಕಿ ಸ್ಟೇಷನ್ ದಾಟಿ ರೈಲು ಗದ್ದೆಗಳ ನಡುವೆ ನಿಂತಾಗ ನನ್ನ ಕುದುರೆ ಸರಿಯಾದ ಜಾಗಕ್ಕೆ ಬಂದಿತ್ತು. ಇನ್ನೊಂದು ನೆಗೆತಕ್ಕೆ ರಾಜನಿಗೆ ಚೆಕ್, ಜೊತೆಗೆ ಮೂಲೆಯ ಆನೆಯೂ ನನ್ನದು. ಅವರು ಅದನ್ನು ಕಂಡಿರಲಿಲ್ಲ. ನಾನು ತಲೆ ಎತ್ತಿ ನೋಡಿದೆ. ಅವರ ಶರ್ಟಿನ ಕಾಲರು ದೊಡ್ಡದಾಗಿತ್ತು, ಕುತ್ತಿಗೆ ಸಣ್ಣದಾಗಿತ್ತು. ಇದು ಕೊನೆಯ ಆಟವಾದರೆ? ಕೊನೆಯ ಆಟದಲ್ಲಿ ನಾನು ಅವರನ್ನು ಹೀಗೆ ಹೊಡೆದು ಕಳಿಸಬೇಕಾ? ಕುದುರೆಯನ್ನು ಮುಟ್ಟದೆ, ಅಂಚಿನ ಎಚ್ ಸಾಲಿನ ಕಾಲಾಳನ್ನು ಒಂದು ಮನೆ ಮುಂದೆ ದೂಡಿದೆ. ಮುರ್ಡೇಶ್ವರ ಕಳೆದು ಸ್ವಲ್ಪ ಹೊತ್ತಿಗೆ ಅವರು ಗೆದ್ದರು.

ಇಡೀ ದಿನ ನಾನು ಪುಣ್ಯ ಕಟ್ಟಿಕೊಂಡವಳಂತೆ ಓಡಾಡಿದೆ. ಹಟ ಮಾಡಿ ಅಳುತ್ತಿದ್ದ ಮಕ್ಕಳನ್ನೂ ಬೈಯಲಿಲ್ಲ. ಸಂಜೆ ಎಂಬುದೊಂದು ಬರುತ್ತದೆ, ಷರಾ ಎಂಬುದೊಂದು ಇದೆ, ಗೆದ್ದವರು ಸೋತವರ ದಾರಿ ಹುಡುಕಿಯೇ ತೀರಬೇಕು ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಪ್ರಪಂಚದಲ್ಲಿ ಯಾರಿಗೆ ಬೇಕಾದರೂ ಸೋತುಕೊಡಬಹುದು. ಸಂಜೆ ಕೂತು ನಡೆನಡೆಯನ್ನೂ ಬಿಚ್ಚಿ ನೋಡುವವರಿಗೆ ಸೋತುಕೊಡಲಾಗುವುದಿಲ್ಲ. ಇಷ್ಟು ಸಣ್ಣ ವಿಷಯ ಹೊಳೆಯದ ನಾನು ಎರಡನೇ ಬಹುಮಾನದವಳು.

ಸಂಜೆ ಬೋಗಿ ಖಾಲಿ ಇತ್ತು. ಜೋರು ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರಿಂದ ಟೀಚರೂ ಇರಲಿಲ್ಲ. ನಾಯ್ಕರು ಕಾಯಿಗಳನ್ನು ಒಂದೊಂದಾಗಿ ನಡೆಸುತ್ತ ಬಂದರು. ಇಪ್ಪತ್ತೊಂದನೇ ನಡೆಗೆ ನಿಲ್ಲಿಸಿದರು.

"ಇಲ್ಲಿ ಕುದ್ರೆ ಇತ್ತಲ್ಲ."

"ಹೌದಾ? ನಾ ನೋಡ್ಲೇ ಇಲ್ಲ ನಾಯ್ಕರೇ."

ಅವರು ಕಾಯಿಗಳನ್ನು ಹಿಂದಕ್ಕೆ ನಡೆಸಿದರು. "ಹದಿನೆಂಟರಲ್ಲಿ ಈ ಕುದ್ರೆ ಎಫ್ ಮೂರ್ನೇ ಮನೇಲಿ ಇತ್ತು. ಹತ್ತೊಂಬತ್ತಕ್ಕೆ ಡಿ ನಾಕಕ್ಕೆ ಬಂತು. ಇಪ್ಪತ್ತೊಂದಕ್ಕೆ ಬಿ ಐದಕ್ಕೆ. ಅಲ್ಲಿಂದ ಒಂದೇ ನೆಗ್ತಕ್ಕೆ ಸಿ ಏಳು. ನೋಡ್ದೇ ಇದ್ದ ಕುದ್ರೆ ಇಷ್ಟು ದೂರ ಎಂತಕ್ಕೆ ಬಂತು ತಂಗಿ? ಗೋಕರ್ಣ ನೋಡೂಕೆ ಹೊರಟಿತ್ತಾ?"

ನಾನು ನಗಲು ನೋಡಿದೆ. ಅವರು ನಗುತ್ತಿರಲಿಲ್ಲ.

"ಬಿಟ್ಟಾಡ್ಬೇಡ ಅಂದಿದ್ದೆ ನಾನು."

"ತಪ್ಪಾಯ್ತು ನಾಯ್ಕರೇ. ನಿಮಗೆ ಖುಷಿ ಆಗ್ಲಿ ಅಂತ..."

"ಡಾಕ್ಟ್ರು ಎಂತ ಆಗೂದಿಲ್ಲ ಅಂದ್ರು. ಪಾರ್ವತಿ ಎಂತ ಆಗೂದಿಲ್ಲ ಅಂತು. ಅವ್ರು ಸಮಾಧಾನಕ್ಕೆ ಹೇಳ್ತ್ರು, ನಂಗೆ ಗೊತ್ತು. ನೀ ಬೋರ್ಡಲ್ಲಿ ಖರೇನೇ ಹೇಳುವವ್ಳು." ಅವರ ದನಿ ಇಳಿಯಿತು. "ಇವತ್ತು ಹೇಳ್ಬಿಟ್ಟೆ ನೀ. ಇದು ನನ್ನ ಕಡೇ ಆಟ ಅಂತ ನಿಂಗೆ ಅನ್ಸಿತ್ತು. ಅಲ್ವಾ?"

ಆ ಮನುಷ್ಯ ಒಂಬತ್ತು ದಿನ ನನ್ನ ಏಟು ತಿಂದು ತಿಂದು, ತಾನು ಇನ್ನೂ ಬದುಕಿರುವವನು ಎಂದು ಧೈರ್ಯ ತೆಗೆದುಕೊಳ್ಳುತ್ತಿದ್ದರು. ಅದನ್ನೇ ನಾನು ಕಿತ್ತುಕೊಂಡಿದ್ದೆ. ಅವರು ಪುಸ್ತಕ ತೆಗೆದು, ಬರೆದುಕೊಟ್ಟವರು ಎಂಬಲ್ಲಿ ನನ್ನ ಹೆಸರು ಹಾಕಲಿಲ್ಲ. ಆ ಚಂದದ ಅಕ್ಷರದಲ್ಲಿ 'ಈ ಪತ್ರ ಅಸಿಂಧು' ಎಂದಷ್ಟೇ ಬರೆದು ಮುಚ್ಚಿದರು. ಸೇತುವೆ ಬಂತು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅವರು ಕೈ ಮುಗಿಯಲೂ ಇಲ್ಲ. ಹೊನ್ನಾವರದಲ್ಲಿ ಇಳಿದು, ಕೊಡೆ ಬಿಚ್ಚದೆ ಮಳೆಯಲ್ಲೇ ನಡೆದು ಹೋದರು. ಕುಮಟೆ ಬರುವವರೆಗೆ ನಾನು ಕಿಟಕಿಗೆ ಹಣೆ ಕೊಟ್ಟು ಅತ್ತೆ.

ಶನಿವಾರ ಬೆಳಿಗ್ಗೆ ತಪ್ಪಾಯಿತು ಎಂದು ಮೆಸೇಜು ಹಾಕಿದೆ. ಉತ್ತರವಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಆಪರೇಷನ್ ಮುಂದಿನ ಶುಕ್ರವಾರ ಎಂದು ಗೊತ್ತಿತ್ತು. ಅವರು ಆ ಕೋಣೆಯೊಳಗೆ ಹೋಗುವಾಗ ನನ್ನ ಎಚ್ ಕಾಲಾಳನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗುತ್ತಾರಲ್ಲ ಎಂಬುದು ನನಗೆ ಅನ್ನ ಸೇರದ ಹಾಗೆ ಮಾಡಿತು. ಸೋಮವಾರ ರೈಲಿನಲ್ಲಿ ನಾಯ್ಕರ ಜಾಗದಲ್ಲಿ ನನ್ನ ಚೀಲ ಕೂತಿತ್ತು.

"ನಾಯ್ಕರೆಲ್ಲಿ?" ಎಂದರು ಸವಿತಾ ಟೀಚರು. ನನ್ನ ಮುಖ ನೋಡಿ, "ಜಗಳ ಆಡಿದ್ರ್ಯಾ?"

"ಹೌದು ಟೀಚರೇ."

"ಹಾಂಗಾದ್ರೆ ರಾಜಿ ಮಾಡ್ಕಳಿ ಮಾರಾಯ್ತಿ. ನಿಮ್ಮಿಬ್ರ ಗಲಾಟೆ ಇಲ್ದೆ ನಂಗೆ ನಿದ್ದೆ ಬರ್ತದೆ ಇಲ್ಲಿ."

ತಪ್ಪಾಯಿತು ಎನ್ನುವುದು ರಾಜಿಯಲ್ಲ ಎಂದು ಆಗ ನನಗೆ ತಿಳಿಯಿತು. ನಾಯ್ಕರ ಪುಸ್ತಕದಲ್ಲಿ ತಪ್ಪಾಯಿತು ಎಂಬ ಕಲಮೇ ಇರಲಿಲ್ಲ. ಮಂಕಿಯ ಹತ್ತಿರ ರೈಲು ಎಂದಿನಂತೆ ನಿಂತಾಗ ಮೊಬೈಲು ತೆಗೆದು ಬರೆದೆ: "ತಿದ್ದುಪಡಿ ಪತ್ರ. ದಿನಾಂಕ ಕಳೆದ ಶುಕ್ರವಾರದ ಆಟದ ಇಪ್ಪತ್ತೆರಡನೇ ನಡೆಯಲ್ಲಿ, ಕೈತಪ್ಪಿನಿಂದ ಅಲ್ಲ, ಬುದ್ಧಿತಪ್ಪಿನಿಂದ ಎಚ್ ಕಾಲಾಳು ಎಂದು ನಮೂದಾಗಿರುತ್ತದೆ. ಅದನ್ನು ಕುದುರೆ ಸಿ ಏಳು, ಚೆಕ್ ಎಂದು ಓದಿಕೊಳ್ಳತಕ್ಕದ್ದು. ಬರೆದುಕೊಟ್ಟವಳು, ವೀಣಾ."

ಓದಿದ್ದಾರೆ ಎಂದು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ. ಮಂಗಳವಾರ ಮಧ್ಯಾಹ್ನ ಒಬ್ಬರ ತೋಳಿಗೆ ಪಟ್ಟಿ ಕಟ್ಟುತ್ತಿದ್ದಾಗ ಜೇಬಿನಲ್ಲಿ ಫೋನು ಸದ್ದು ಮಾಡಿತು. "ರಾಜ ಡಿ ಎಂಟು." ಅಷ್ಟೇ. ನನ್ನ ಚೆಕ್ಕಿಗೆ ಅವರ ಉತ್ತರ, ತಿದ್ದುಪಡಿ ಒಪ್ಪಿಕೊಂಡಿದ್ದರು. ನಾನು ಎಷ್ಟು ಬಿಗಿಯಾಗಿ ಪಟ್ಟಿ ಎಳೆದೆನೋ, ಆ ಮನುಷ್ಯ ಹಾ ಎಂದು ಕೂಗಿದರು.

ಆನೆಯನ್ನು ಹೊಡೆದೆ. ಅದೊಂದು ವಿಚಿತ್ರ ವಾರ. ಅವರು ಮಂಗಳೂರಿನ ವಾರ್ಡಿನಲ್ಲಿ ಮಲಗಿ, ನಾನು ಭಟ್ಕಳದ ಲ್ಯಾಬಿನಲ್ಲಿ ನಿಂತು, ನಡೆಗೆ ನಡೆ. "ಇಂಜೆಕ್ಷನ್ ಆತು. ನಿನ್ ಸರದಿ" ಎಂದು ಬರೆಯುತ್ತಿದ್ದರು. ಅವರ ಆಟ ಆ ವಾರ ಬಹಳ ಚೆನ್ನಾಗಿತ್ತು. ನೋವಿನಲ್ಲಿದ್ದಾರೆ ಎಂದು ಒಂದು ಕ್ಷಣ ಮೆತ್ತಗಾದೆನೋ, ಹಾಳಾದ ಆ ಕಾಲಾಳು ನೆನಪಾಗಿ ಮತ್ತೆ ಬೆನ್ನು ನೆಟ್ಟಗೆ ಮಾಡುತ್ತಿದ್ದೆ. ಅಷ್ಟು ಪ್ರೀತಿಯಿಟ್ಟು ಅಷ್ಟು ನಿರ್ದಯವಾಗಿ ನಾನು ಯಾರ ಮೇಲೂ ಆಡಿಲ್ಲ. ಅವರ ಕಾಯಿಗಳು ಒಂದೊಂದೇ ಉದುರಿದವು. ಗುರುವಾರ ಸಂಜೆಗೆ ಅವರಲ್ಲಿ ಉಳಿದದ್ದು ಮೂಲೆಗೆ ಸಿಕ್ಕಿಕೊಂಡ ರಾಜ, ನನ್ನ ಕಾಲಾಳಿಗೆ ಡಿಕ್ಕಿ ಹೊಡೆದು ನಿಂತ ಒಂದು ಕಾಲಾಳು, ಮತ್ತೆ ಒಂದು ಆನೆ. ನನ್ನ ಗೆಲುವು ಎರಡು ನಡೆ ದೂರ.

"ಸದರಿ ಆಟವನ್ನು ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಟ್ಟಿರುತ್ತೇನೆ" ಎಂದು ಬಂತು. ಅದರ ಹಿಂದೆಯೇ, "ಚಲೋ ಹೊಡ್ದೆ ತಂಗಿ. ನಿದ್ದೆ ಬರ್ತದೆ ಇವತ್ತು. ಷರಾ ಬಾಕಿ ಅದೆ."

ಷರಾ ಬರೆಯಬೇಕಾದವಳು ನಾನು, ಗೆದ್ದವಳು ನಾನಲ್ಲವಾ? ಅವರಿಗೆ ಎಲ್ಲಿ ದಾರಿ ಇತ್ತು ಎಂದು ಹುಡುಕಬೇಕಿತ್ತು. ಶುಕ್ರವಾರ ಹುಡುಕಲಾಗಲಿಲ್ಲ. ಬೋರ್ಡು ಕಣ್ಣ ಮುಂದೆ ತಂದುಕೊಂಡರೆ ಕಾಯಿಗಳೇ ನಿಲ್ಲುತ್ತಿರಲಿಲ್ಲ. ಆ ಮಧ್ಯಾಹ್ನ ಹೊಸ ನಂಬರಿನಿಂದ ಒಂದು ಮೆಸೇಜು ಬಂತು, ಕಳಿಸಿದವರು ಪಾರ್ವತಕ್ಕ. ಆಪರೇಷನ್ ಮುಗಿಯಿತು, ಐಸಿಯುನಲ್ಲೇ ಇಟ್ಟಿದ್ದಾರೆ, ಇನ್ನೂ ಎಚ್ಚರ ಆಗಿಲ್ಲ ಎಂದು. ನಾಯ್ಕರ ಹೆಂಡತಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಶನಿವಾರ ಏನೂ ಸುದ್ದಿ ಬರಲಿಲ್ಲ. ಭಾನುವಾರವೂ ಇಲ್ಲ. ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಅಮ್ಮ ಬಡಿಸಿದ್ದನ್ನು ಹಾಗೇ ಮುಚ್ಚಿಟ್ಟು, "ಯಾರಿಗೆ ಎಂತ ಆಗಿದೆ ಮಗಾ, ಹೇಳು" ಎಂದು ಎರಡು ಸಲ ಕೇಳಿದಳು.

ಸೋಮವಾರ ಬೆಳಿಗ್ಗೆ ರೈಲು ಮಂಕಿ ದಾಟಿ ಮುರ್ಡೇಶ್ವರದ ಹತ್ತಿರ ಬಂದಿತ್ತು. ಫೋನು ಬಡಿಯಿತು. ಪಾರ್ವತಕ್ಕ. ಮೆಸೇಜಲ್ಲ, ಕರೆ. ಬೆಳಿಗ್ಗೆ ಅಷ್ಟು ಬೇಗ ಆಸ್ಪತ್ರೆಯಿಂದ ಕರೆ ಬರುವುದು ಯಾವುದಕ್ಕೆ ಎಂದು ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಗೊತ್ತಿಲ್ಲವೇ? ಎತ್ತಲು ಕೈ ಏಳಲಿಲ್ಲ. ಆಪರೇಷನ್ನಿನ ಸುದ್ದಿ ನನ್ನಿಂದಲೇ ತಿಳಿದಿದ್ದ ಸವಿತಾ ಟೀಚರು ಎದುರಿನ ಸೀಟಿನಿಂದ ಎದ್ದು ಬಂದು ಪಕ್ಕ ಕೂತು ನನ್ನ ಎಡಗೈ ಹಿಡಿದುಕೊಂಡರು. ಬಲಗೈಯಲ್ಲಿ ಎತ್ತಿದೆ.

"ವೀಣಾ ಅಂದ್ರೆ ನೀವೇ ಅಲ್ವಾ?" ದಣಿದ ದನಿ. "ನಾ ಪಾರ್ವತಿ, ನಾಯ್ಕರ ಮನೆಯವ್ಳು. ನಿನ್ನೆ ರಾತ್ರಿ ಪೂರಾ ಎಚ್ಚರ ಆಯ್ತು ಇವ್ರಿಗೆ. ಈಗ ವಾರ್ಡಿಗೆ ತಂದ್ರು. ಮಾತಾಡ್ಬೇಡಿ ಅಂದ್ರೆ ಕೇಳೂದಿಲ್ಲ. ನಿಮಗೆ ಎಂತದೋ ಹೇಳು ಅಂತ ನನ್ನ ಜೀವ ತಿಂತ್ರು. ನಂಗೆ ಒಂದೂ ಅರ್ಥ ಆಗೂದಿಲ್ಲ, ಬರ್ಕಂಡಿದ್ದೆ, ಓದ್ತೆ ಕೇಳಿ."

ಓದಿ ಎಂದೆನೋ ಇಲ್ಲವೋ.

"ಬಿಟ್ಟುಕೊಟ್ಟದ್ದು ತಪ್ಪು. ಆನೆಯನ್ನು ಅವಳ ರಾಜನ ಮೈಗೇ ತಾಗಿಸಿ ಚೆಕ್ ಕೊಡಬೇಕಿತ್ತು. ತಿನ್ನು ಅಂತ. ಇಷ್ಟೇ ಬರ್ಕಂಡದ್ದು ತಂಗಿ. ಇದು ಎಂತದು? ಔಷಧದ ಅಮಲಿಗೆ ಹೀಗೆಲ್ಲ ಹೇಳ್ತ್ರಾ?"

ಕಣ್ಣು ಮುಚ್ಚಿದೆ. ಮೂರು ದಿನ ನಿಲ್ಲದೆ ಜಾರುತ್ತಿದ್ದ ಕಾಯಿಗಳು ತಮ್ಮ ತಮ್ಮ ಮನೆಯಲ್ಲಿ ಬಂದು ನಿಂತವು. ಅವರ ರಾಜ ಮೂಲೆಯಲ್ಲಿ, ಅಲ್ಲಾಡಲು ಒಂದೂ ಮನೆಯಿಲ್ಲ. ಕಾಲಾಳೂ ಅಲ್ಲಾಡುವುದಿಲ್ಲ. ನಡೆಯಬಲ್ಲದ್ದು ಆನೆ ಒಂದೇ. ಆ ಆನೆಯನ್ನು ನನ್ನ ರಾಜನ ಪಕ್ಕಕ್ಕೇ ತಂದು ಚೆಕ್ ಕೊಟ್ಟರೆ, ನಾನು ಅದನ್ನು ತಿಂದ ಕ್ಷಣಕ್ಕೆ ಅವರಿಗೆ ನಡೆಯಲು ಏನೂ ಉಳಿಯುವುದಿಲ್ಲ. ಚೆಕ್ಕೂ ಇಲ್ಲ, ನಡೆಯೂ ಇಲ್ಲ ಎಂದರೆ ಆಟ ಡ್ರಾ. ತಿನ್ನದೆ ಓಡಿದರೆ ಆನೆ ಮತ್ತೆ ಪಕ್ಕಕ್ಕೆ ಬಂದು ಮತ್ತೆ ಚೆಕ್. ಎಲ್ಲಿಗೆ ಹೋದರೂ ಬೆನ್ನು ಬಿಡುವುದಿಲ್ಲ. ಎರಡೆರಡು ಸಲ ನೋಡಿದೆ. ಗೆದ್ದವಳಿಗೆ ಕಾಣದ ದಾರಿಯನ್ನು ಅವರು ಮಲಗಿದಲ್ಲೇ ಕಂಡುಹಿಡಿದಿದ್ದರು. ಆಹಾ, ಎಂಥ ನಡೆ ಅದು!

"ಅಮಲಲ್ಲ ಪಾರ್ವತಕ್ಕ. ಅವ್ರು ಹೇಳಿದ್ದು ಸರಿ ಇದೆ" ಅಂದೆ. "ಆದ್ರೆ ಅವ್ರಿಗೆ ಹೇಳಿ, ಗೆದ್ದಿಲ್ಲ ಅಂತ. ಡ್ರಾ. ಅರ್ಧ ಪಾಯಿಂಟು, ಅಷ್ಟೇ. ಅದ್ಕಿಂತ ಒಂದು ಚೂರೂ ಹೆಚ್ಚು ಕೊಡೂದಿಲ್ಲ ನಾನು."

ಅವರು ಫೋನನ್ನು ಬದಿಗೆ ಹಿಡಿದು ಅದನ್ನೇ ಹೇಳಿದ್ದು ನನಗೆ ಕೇಳಿಸಿತು. ಅರ್ಧ ಅಂತೆ, ಹೆಚ್ಚು ಕೊಡೂದಿಲ್ಲಂತೆ. ರೈಲು ಮುರ್ಡೇಶ್ವರದಲ್ಲಿ ನಿಂತು ಮತ್ತೆ ಹೊರಟಿತು. ಟೀಚರು ಇಳಿಯಲಿಲ್ಲ, ಕೈಯನ್ನೂ ಬಿಡಲಿಲ್ಲ. ಆಮೇಲೆ ಪಾರ್ವತಕ್ಕ ಮತ್ತೆ ಫೋನಿಗೆ ಬಂದರು.

"ನಗಾಡ್ತಾ ಇದ್ರು ತಂಗಿ. ಎದೆ ಮೇಲೆ ದಿಂಬು ಒತ್ತಿ ಹಿಡ್ಕಂಡು ನಗಾಡ್ತಾ ಇದ್ರು. ಹೊಲಿಗೆ ನೋಯ್ತದೆ ಅಂದ್ರೂ ಕೇಳೂದಿಲ್ಲ. ಹೀಂಗೆಲ್ಲ ನಗ್ಸಬೇಡ ಮಾರಾಯ್ತಿ ಅವ್ರನ್ನ."

"ಆತು" ಅಂದೆ.